ನಾಲಿಗೆ ಎತ್ತು, ಅಕ್ಕ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ ಹೊಲಿಗೆ ವಿಭಾಗ. ವಿಭಾಗವೆಂದರೆ ಒಬ್ಬಳು ಹೆಂಗಸು, ಎರಡು ಮಿಷನ್ನು, ಹರಿದ ಚಾದರಗಳ ಒಂದು ಗುಡ್ಡೆ, ಅಷ್ಟೇ. ಮೈಮೇಲೆ ಎಲ್ಲೆಂದರಲ್ಲಿ ನೂಲಿನ ಎಳೆ ಅಂಟಿಸಿಕೊಂಡೇ ಓಡಾಡುತ್ತಿದ್ದ ಅವಳಿಗೆ ದಾರದಕ್ಕ ಎಂಬ ಹೆಸರು ಯಾವಾಗಲೋ ಬಿದ್ದುಬಿಟ್ಟಿತ್ತು. ಅವಳೂ ಬೇಡವೆನ್ನಲಿಲ್ಲ.

ಅಂದು ಬೆಳಿಗ್ಗೆ ಪಕ್ಕದ ಕೋಣೆಯಿಂದ ಇಸ್ತ್ರಿಯಣ್ಣ ಬಂದು ಬಾಗಿಲಿಗೆ ಒರಗಿದ. ಆಸ್ಪತ್ರೆಯ ಬಟ್ಟೆಗೆಲ್ಲ ಇಸ್ತ್ರಿ ಹಾಕುವವನು, ಜೊತೆಗೆ ಆಸ್ಪತ್ರೆಯ ಸುದ್ದಿಗೂ.

"ಹೃದಯದ ವಾರ್ಡಿಗೆ ಮುಂದುಗಡೆ ತೆರೆಯೋ ಗೌನು ಬೇಕಂತೆ, ದಾರದಕ್ಕ. ದೊಡ್ಡ ಅಳತೇದು. ಗಡಿಯಾರದ ಅಂಗಡಿಯವರ ಹೆಂಡತಿ ಸೇರಿದ್ದಾರೆ. ಹೃದಯದ ಸುತ್ತ ನೀರು ತುಂಬಿದೆಯಂತೆ, ಮಲಗೋಕೂ ಆಗ್ದೆ ಕೂತೇ ಉಸಿರಾಡ್ತಿದ್ದಾರೆ."

ಮಿಷನ್ನಿನ ಚಕ್ರ ನಿಂತಿತು. "ಯಾವ ಗಡಿಯಾರದ ಅಂಗಡಿ?"

"ಸೇತುವೆ ಹತ್ತಿರದ್ದು. ಒಂದೊಂದು ಗಡಿಯಾರನೂ ಒಂದೊಂದು ಟೈಮು ತೋರಿಸುತ್ತಲ್ಲ, ಅದು. ಯಾಕೆ, ಗೊತ್ತಾ?"

"ಗೊತ್ತು," ಎಂದಳು ದಾರದಕ್ಕ. "ಅವರ ಮನೆ ಅಡುಗೆಮನೇಲಿ ನನ್ನ ತಟ್ಟೆ ಎಲ್ಲಿಡ್ತಿದ್ದರು ಅನ್ನೋದೂ ಗೊತ್ತು."

ಇಸ್ತ್ರಿಯಣ್ಣನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿಯೂ ಹೇಳಲಿಲ್ಲ. ಹೊಸ ಬಟ್ಟೆ ತೆಗೆದು, ಕತ್ತರಿಸಿ, ಅಂಚನ್ನು ಎರಡೆರಡು ಸಲ ಮಡಚಿ, ಇಡೀ ವರ್ಷದಲ್ಲೇ ಅತ್ಯಂತ ಒಳ್ಳೆಯ ಗೌನು ಹೊಲಿದಳು. ಇಷ್ಟು ವರ್ಷ ಕಾದ ಹಗೆಯನ್ನು ಎದುರುಗೊಳ್ಳಲು ಹೋಗುವಾಗ ಹೊಲಿಗೆ ಬಿಟ್ಟ ಬಟ್ಟೆ ಒಯ್ಯುವ ಮನಸ್ಸಾಗಲಿಲ್ಲ.

ಆ ಮನೆಗೆ ಅವಳು ಕಿರಿಯ ಸೊಸೆ. ಹಾಸಿಗೆ ಹಿಡಿದ ಹೆಂಗಸು ಅವಳ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ, ಮಕ್ಕಳಿಲ್ಲದವಳು. ದಾರದಕ್ಕನಿಗೆ ಹೆಣ್ಣುಮಗು ಹುಟ್ಟಿದ ಕೆಲವೇ ತಿಂಗಳಿಗೆ ಕೆಮ್ಮು ಹತ್ತಿತು. ಸಂಜೆಯ ಜ್ವರ, ಕಫದಲ್ಲಿ ರಕ್ತ. ಟಿಬಿ ಎಂದರು. ಅವಳ ತಟ್ಟೆ, ಲೋಟ ಬೇರೆ ಮೂಲೆ ಸೇರಿದವು. "ಗುಣವಾಗೋವರೆಗೆ ಪುಟ್ಟಿ ನನ್ನ ಹತ್ತಿರ ಇರಲಿ," ಎಂದು ಓರಗಿತ್ತಿ ಮಗುವನ್ನು ಎತ್ತಿಕೊಂಡಳು. ನ್ಯಾಯವಾಗಿ ಹೇಳಬೇಕೆಂದರೆ ಆ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪೆಲ್ಲ ಆಮೇಲಿನದು. ದಾರದಕ್ಕ ತವರಿನಲ್ಲಿದ್ದು ಮಾತ್ರೆ ಮುಗಿಸಿದಳು. ಇನ್ನು ಇವಳಿಂದ ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದರು. ಅವಳು ಓಡೋಡಿ ಬಂದಾಗ ಬಾಗಿಲು ತೆರೆಯಲಿಲ್ಲ. ಹಿತ್ತಲಲ್ಲಿ ಅವಳ ಹಾಸಿಗೆ ಸುಟ್ಟ ಕರಿ ಗುರುತಿತ್ತು. ಕಿಟಕಿಯ ಹಿಂದೆ ಮಗು ಅಳುತ್ತಿತ್ತು, ಓರಗಿತ್ತಿಯ ಹೆಗಲಿಗೆ ಮುಖವೊತ್ತಿಕೊಂಡು.

ಗಂಡ ಅಣ್ಣ ಅತ್ತಿಗೆಯರ ಎದುರು ತುಟಿಪಿಟಕ್ಕೆನ್ನದ ಮನುಷ್ಯ. ಕದ್ದುಮುಚ್ಚಿ ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಿದ್ದ; ಕೆಲವು ವರ್ಷಗಳಲ್ಲಿ ರಸ್ತೆ ಅಪಘಾತದಲ್ಲಿ ಹೋಗಿಯೇಬಿಟ್ಟ. ಆಮೇಲೆ ಆ ಮನೆಯವರು ಕಾಯಿಲೆಯನ್ನೇ ಕಥೆಯಿಂದ ತೆಗೆದುಹಾಕಿದರು. ನಮ್ಮ ಮನೆಯಲ್ಲಿ ಆ ಕಾಯಿಲೆ ಯಾರಿಗೂ ಬಂದಿಲ್ಲ, ಎಂದರು ನೆಂಟರಿಗೆ. ನಿನ್ನ ಹೆತ್ತವಳಿಗೆ ನೀನು ಬೇಡವಾಗಿದ್ದೆ, ಬಿಟ್ಟು ಹೋದಳು, ಎಂದರು ಮಗುವಿಗೆ. ಮಗು ಓರಗಿತ್ತಿಯನ್ನು ಅಮ್ಮ ಎಂದಿತು, ಹೆತ್ತವಳನ್ನು ಚಿಕ್ಕಮ್ಮ ಎಂದಿತು. ಒಮ್ಮೆ ದಾರದಕ್ಕ ಶಾಲೆಯ ಗೇಟಿನ ಬಳಿ ನಿಂತು ಇದ್ದದ್ದನ್ನು ಹೇಳಹೊರಟಳು. ಹುಡುಗಿ ಚೀಲವನ್ನು ಎದೆಗವಚಿಕೊಂಡು, "ಅಮ್ಮ ಹೇಳಿದ್ದಾಳೆ, ನೀವು ಬಂದು ಹೀಗೇ ಸುಳ್ಳು ಹೇಳ್ತೀರಿ ಅಂತ," ಎಂದು ಓಡಿಹೋದಳು. ಈಗ ಆ ಹುಡುಗಿ ದೊಡ್ಡವಳಾಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಾರದಕ್ಕ ಮಾತ್ರ ಇನ್ನೂ ಆ ಗೇಟಿನ ಬಳಿಯೇ ನಿಂತಿದ್ದಳು.

ಗೌನು ಹಿಡಿದು ವಾರ್ಡಿಗೆ ಹೋದಾಗ ಓರಗಿತ್ತಿ ಮೂರು ದಿಂಬಿಗೆ ಒರಗಿ ಕೂತಿದ್ದಳು. ಕೊರಳ ನರಗಳು ಹಗ್ಗದಂತೆ ಉಬ್ಬಿದ್ದವು, ಕಾಲು ಊದಿತ್ತು, ಮುಖ ಮಾತ್ರ ಅರ್ಧವಾಗಿತ್ತು. ಪಕ್ಕದಲ್ಲಿ ಮಗಳು. ಕಾಲಿನ ಬಳಿ ಸ್ಟೂಲಿನ ಮೇಲೆ ಭಾವ, ಗಡಿಯಾರ ರಿಪೇರಿ ಮಾಡಿ ಮಾಡಿ ಒಂದು ಕಣ್ಣನ್ನು ಸದಾ ಕಿರಿದು ಮಾಡುವ ಮನುಷ್ಯ.

"ಯಾರು ಇವಳನ್ನ ಒಳಗೆ ಬಿಟ್ಟಿದ್ದು?" ಎಂದಳು ಓರಗಿತ್ತಿ, ಎರಡು ಮಾತಿಗೊಂದು ಉಸಿರು ಎಳೆದುಕೊಳ್ಳುತ್ತ.

"ನಾನಿಲ್ಲಿ ಕೆಲಸದವಳಕ್ಕ. ನಿನ್ನ ಅಳತೆ ನಂಗೆ ಗೊತ್ತಿತ್ತು. ಸ್ವಲ್ಪ ಇಳಿದಿದ್ದೀಯ."

"ನೋಡಿ ಖುಷಿಪಡೋಕೆ ಬಂದ್ಯಾ?"

"ಗೌನು ಕೊಡೋಕೆ ಬಂದೆ. ಖುಷಿ ತಾನಾಗಿ ಆಯ್ತು."

"ಚಿಕ್ಕಮ್ಮ, ಕೊಟ್ಟು ಹೋಗಿ," ಎಂದಳು ಮಗಳು, ಮುಖ ನೋಡದೆ.

ಆಗಲೇ ಹೃದಯದ ಡಾಕ್ಟರಮ್ಮ ಬಂದರು, ಕಿರಿವಯಸ್ಸಿನವರು, ನಿದ್ದೆಗೆಟ್ಟ ಕಣ್ಣಿನವರು. ಎದೆಮೂಳೆಯ ಕೆಳಗೆ ಸೂಜಿ ಹಾಕಿ, ಹೃದಯದ ಸುತ್ತಲಿನ ಚೀಲದಿಂದ ನೀರು ತೆಗೆಯುತ್ತೇವೆ ಎಂದರು. "ಉಸಿರು ಹಗುರಾಗುತ್ತೆ. ಆ ನೀರು ಯಾಕೆ ತುಂಬಿತು ಅಂತಾನೂ ನೋಡ್ಬೇಕು. ಟಿಬಿ ಇರಬಹುದು ಅಂತ ಒಂದು ಅನುಮಾನ. ಅದಕ್ಕೊಂದು ಮಷೀನಿದೆ, ಟಿಬಿ ಕ್ರಿಮಿಯ ವಂಶದ ಗುರುತನ್ನೇ ಹುಡುಕುತ್ತೆ. ಮೊದಲಿನ ಹಾಗೆ ವಾರಗಟ್ಟಲೆ ಕಾಯೋದು ಬೇಡ, ಸುಮಾರು ಎರಡು ಗಂಟೇಲಿ ಹೇಳಿಬಿಡುತ್ತೆ."

ಟಿಬಿ ಎಂಬ ಮಾತು ಬಿದ್ದದ್ದೇ ಓರಗಿತ್ತಿಯ ಕಣ್ಣು ದಾರದಕ್ಕನ ಕಡೆ ಹೊರಳಿತು, ಕೂಡಲೇ ಬೇರೆ ಕಡೆ ಸರಿಯಿತು. ದಾರದಕ್ಕನಿಗೆ ಅಷ್ಟು ಸಾಕಾಗಿತ್ತು.

ನೀರು ತೆಗೆದರು. ಕೆಂಪು ಬೆರೆತ ಹಳದಿ ನೀರು. ಅದರಲ್ಲೊಂದು ಪಾಲು ಬಿಗಿ ಮುಚ್ಚಳದ ಸೀಸೆಯಲ್ಲಿ ಪ್ರಯೋಗಾಲಯಕ್ಕೆ ಹೋಯಿತು. ದಾರದಕ್ಕನೂ ಹರಿದ ಪರದೆಯೊಂದರ ನೆಪ ಮಾಡಿಕೊಂಡು ಅದರ ಹಿಂದೆಯೇ ಹೋದಳು. ಗಾಜಿನಾಚೆ ನೋಡಿದಳು: ನೀರಿನ ಸೀಸೆಯನ್ನು ಗಿರಗಿರ ತಿರುಗಿಸಿ, ತಳದ ಗಸಿಗೆ ಔಷಧ ಬೆರೆಸಿ, ಅಂಗೈಯಲ್ಲಿ ಹಿಡಿಸುವಂಥ ಪ್ಲಾಸ್ಟಿಕ್ ಕಾರ್ಟ್ರಿಡ್ಜಿಗೆ ಸುರಿದು, ಯಂತ್ರದ ಸಣ್ಣ ಬಾಗಿಲು ತೆರೆದು ಒಳಗಿಟ್ಟು ಮುಚ್ಚಿದರು. ಹಸಿರು ದೀಪ ಮಿನುಗತೊಡಗಿತು. ದಾರದಕ್ಕ ಗಾಜಿಗೆ ಹಣೆ ತಾಗಿಸಿಕೊಂಡು ನಿಂತಳು. ಹೇಳು, ಎಂದಳು ಯಂತ್ರಕ್ಕೆ, ಮನಸ್ಸಿನಲ್ಲೇ. ಇದೆ ಅಂತ ಹೇಳು. ಅವಳ ಮನೆಯಲ್ಲಿ, ಅವಳ ಮೈಯಲ್ಲಿ, ಅವಳ ಎದೆಯಲ್ಲೇ ಇದೆ ಅಂತ ಹೇಳು. ನನ್ನ ಹಾಸಿಗೆ ಸುಟ್ಟಳಲ್ಲ, ಈಗ ಎದೆ ಸುಡಲಿ ನೋಡೋಣ.

ಅವಳ ಬಾಳಿನಲ್ಲಿ ಯಾವುದಕ್ಕೂ ಅಷ್ಟು ಭಕ್ತಿಯಿಂದ ಅವಳು ಬೇಡಿಕೊಂಡಿರಲಿಲ್ಲ.

ಯಂತ್ರ ಹೇಳಿದ್ದು ಬೇರೆ. ಟಿಬಿ ಕ್ರಿಮಿ ಸಿಗಲಿಲ್ಲ.

ಸುದ್ದಿ ಬಂದಾಗ ಅವಳು ಕುರ್ಚಿ ಹತ್ತಿ ವಾರ್ಡಿನ ಕಿಟಕಿಗೆ ಪರದೆ ತೂಗುಹಾಕುತ್ತಿದ್ದಳು. ಬೇಕೆಂದೇ ನಿಧಾನ ಮಾಡಿದ್ದಳು. ನೀರು ಇಳಿದು ಉಸಿರು ಹಗುರಾಗಿದ್ದ ಓರಗಿತ್ತಿಗೆ ಹಳೆಯ ದನಿಯೂ ಮರಳಿತ್ತು.

"ಕೇಳಿಸ್ತಾ? ಅಷ್ಟು ದೊಡ್ಡ ಮಷೀನೇ ಹೇಳ್ತು. ಅದೆಲ್ಲ ನಮ್ಮನೇವರಿಗೆ ಬರೋ ಕಾಯಿಲೆಯಲ್ಲ. ಎಲ್ಲೆಲ್ಲಿಂದಲೋ ಬಂದವರಿಗೆ ಬರುತ್ತೆ."

ದಾರದಕ್ಕ ಪರದೆಯ ಉಂಗುರ ಒಂದೊಂದಾಗಿ ಸಿಕ್ಕಿಸಿದಳು. ಒಂದು ಜಾರಿ ಕೆಳಗೆ ಬಿತ್ತು. ಮಗಳು ಅದನ್ನು ಎತ್ತಿ ಕೊಟ್ಟಳು.

ಡಾಕ್ಟರಮ್ಮನ ಮುಖ ಮಾತ್ರ ಅರಳಿರಲಿಲ್ಲ. ಅವರು ಸ್ಟೂಲೆಳೆದು ಕೂತರು. "ಇಲ್ಲಿ ಒಂದು ವಿಷಯ ಅರ್ಥ ಮಾಡ್ಕೊಳ್ಳಿ. ಈ ಮಷೀನು ಇದೆ ಅಂದ್ರೆ ನಂಬಬಹುದು. ಇಲ್ಲ ಅಂದ್ರೆ ಪೂರ್ತಿ ನಂಬೋ ಹಾಗಿಲ್ಲ. ಕಫದಲ್ಲಾದ್ರೆ ಕ್ರಿಮಿ ಜಾಸ್ತಿ ಇರುತ್ತೆ, ಹಿಡಿದುಬಿಡುತ್ತೆ. ಹೃದಯದ ನೀರಲ್ಲಿ ಅವು ತುಂಬಾ ಕಡಿಮೆ. ಕಾಯಿಲೆ ಇದ್ದವರಲ್ಲೂ ಎಷ್ಟೋ ಜನರಿಗೆ ಸಿಗದೇ ಹೋಗುತ್ತೆ. ನೀರಿನ ಇನ್ನೊಂದು ಪರೀಕ್ಷೇಲಿ ಅಂಕಿ ಏರಿದೆ, ಅದು ಟಿಬಿ ಕಡೆಗೇ ಬೆರಳು ತೋರಿಸುತ್ತೆ, ಆದ್ರೆ ಅದೂ ಖಚಿತ ಅಲ್ಲ. ಕ್ರಿಮಿ ಬೆಳೆಸಿ ನೋಡೋಕೆ ಇಟ್ಟಿದ್ದೀವಿ, ಅದಕ್ಕೆ ವಾರಗಳೇ ಬೇಕು. ಹಾಗಾಗಿ ಕೇಳ್ತೀನಿ. ನಿಮ್ಮನೇಲಿ ಯಾರಿಗಾದ್ರೂ, ಯಾವಾಗಾದ್ರೂ, ಟಿಬಿ ಬಂದಿತ್ತಾ?"

"ಇಲ್ಲ," ಎಂದಳು ಓರಗಿತ್ತಿ.

"ಇಲ್ಲ," ಎಂದ ಭಾವ, ನೆಲ ನೋಡುತ್ತ.

"ನಮ್ಮನೇಲಿ ಯಾರಿಗೂ ಇಲ್ಲ ಡಾಕ್ಟ್ರೇ," ಎಂದಳು ಮಗಳು. ಅವಳ ದನಿಯಲ್ಲಿ ಸುಳ್ಳಿರಲಿಲ್ಲ. ಆ ಮಾತನ್ನು ಹೇಳಿ ಹೇಳಿ ಆ ಮನೆಗೆ ಎಷ್ಟು ರೂಢಿಯಾಗಿತ್ತೆಂದರೆ, ಪ್ರಾಣ ಕೇಳಿಕೊಂಡು ಬಂದ ಪ್ರಶ್ನೆಗೂ ಬಾಯಿ ತಾನಾಗಿಯೇ ಅದೇ ಉತ್ತರ ಕೊಟ್ಟಿತು.

ದಾರದಕ್ಕ ಕುರ್ಚಿಯಿಂದ ಇಳಿದು, ಕತ್ತರಿ ಜೇಬಿಗಿಟ್ಟುಕೊಂಡು, ಸುಮ್ಮನೆ ಹೊರಗೆ ನಡೆದಳು.

ಹೊರಗೆ ಕಾರಿಡಾರಿನಲ್ಲಿ ಡಾಕ್ಟರಮ್ಮ ಮಗಳನ್ನು ಪಕ್ಕಕ್ಕೆ ಕರೆದು ಹೇಳುತ್ತಿದ್ದದ್ದು ಅವಳಿಗೆ ಕೇಳಿಸಿತು. "ಟಿಬಿಯ ಮಾತ್ರೆ ಲಿವರಿಗೆ ಭಾರ. ನಿಮ್ಮಮ್ಮನ ಲಿವರ್ ಈಗಾಗಲೇ ಊದಿದೆ. ಮನೇಲಿ ಯಾರಿಗೂ ಇರಲಿಲ್ಲ ಅಂದ್ರೆ, ನಮ್ಮ ದೊಡ್ಡ ಡಾಕ್ಟರು ಸದ್ಯ ಕಾಯೋಣ ಅಂತಾರೆ. ಆದ್ರೆ ನಿಜವಾಗ್ಲೂ ಟಿಬಿ ಆಗಿದ್ದು ನಾವು ಕಾಯ್ತಾ ಕೂತ್ರೆ, ಆ ಚೀಲ ದಪ್ಪವಾಗಿ ಹೃದಯಾನ ಹಿಂಡಿಬಿಡುತ್ತೆ. ನೀರು ಮತ್ತೆ ತುಂಬಬಹುದು. ಜೀವಕ್ಕೇ ಅಪಾಯ ಆಗಬಹುದು."

ನೆಲಮಾಳಿಗೆಗೆ ಇಳಿದ ದಾರದಕ್ಕ ಮಿಷನ್ನಿನ ಮುಂದೆ ಕೂತಳು. ಹೊಲಿಯಲಿಲ್ಲ. ಒಳಗೆ ಏನೋ ಒಂದು ನಿಧಾನವಾಗಿ, ಸಕ್ಕರೆಯಂತೆ ಕರಗುತ್ತಿತ್ತು. ಏನೂ ಮಾಡಬೇಕಾಗಿಲ್ಲ. ಬೈಯಬೇಕಾಗಿಲ್ಲ, ಶಪಿಸಬೇಕಾಗಿಲ್ಲ, ಕೈ ಎತ್ತಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅಕ್ಕ ಹೆಣೆದ ಸುಳ್ಳು ಅಕ್ಕನ ಕೊರಳಿಗೇ ಬಿಗಿಯುತ್ತದೆ.

"ಏನು, ದಾರದಕ್ಕ, ಲಾಟರಿ ಹೊಡೀತಾ? ಒಬ್ಬಳೇ ನಗ್ತಿದ್ದೀಯ," ಎಂದ ಇಸ್ತ್ರಿಯಣ್ಣ, ಎರಡು ಲೋಟ ಚಹಾ ಹಿಡಿದು ಬಂದು.

"ಇಸ್ತ್ರಿಯಣ್ಣ, ನಿನಗಾಗದವರು ಯಾರಾದ್ರೂ ಇದ್ದಾರಾ?"

"ನಮ್ಮ ಬಾಮೈದ ಇದ್ದ. ಹೋದ ವರ್ಷ ಹೋದ."

"ಸಮಾಧಾನ ಆಯ್ತಾ?"

ಇಸ್ತ್ರಿಯಣ್ಣ ಚಹಾ ಊದಿದ. "ಎಲ್ಲಿಯ ಸಮಾಧಾನ. ಹೆಣದ ಮುಂದೆ ಎಲ್ಲರೂ ನಿಂತು, ಅಂಥ ಮನುಷ್ಯ ಇಲ್ಲ, ಬಂಗಾರದಂಥವನು ಅಂದ್ರು. ನನ್ನ ಹೆಂಡತಿ ಇವತ್ತಿಗೂ ಅವನ ಫೋಟೋ ಒರೆಸ್ತಾಳೆ. ಬದುಕಿದ್ದಾಗ ಕಳ್ಳ ನನ್ಮಗ ಅಂತ ಮುಖದ ಮೇಲೇ ಬೈಬಹುದಿತ್ತು. ಈಗ ಬೈದ್ರೆ ನಾನೇ ಕೆಟ್ಟವನು."

ಅವನು ಹೋದ ಮೇಲೆ ಚಹಾ ಆರಿ ತಣ್ಣಗಾಯಿತು. ದಾರದಕ್ಕನ ಕಣ್ಣಿಗೆ ಒಂದು ಚಿತ್ರ ಕಟ್ಟಿತು, ಎಷ್ಟು ಒರೆಸಿದರೂ ಹೋಗದ ಹಾಗೆ. ಗೋಡೆಯ ಮೇಲೆ ಓರಗಿತ್ತಿಯ ಫೋಟೋ. ಅದರ ಗಾಜನ್ನು ಒರೆಸುತ್ತಿರುವ ಮಗಳು. ನನ್ನಮ್ಮ, ಬಂಗಾರದಂಥವಳು, ಹೆತ್ತವಳು ಬಿಟ್ಟು ಹೋದಾಗ ಎತ್ತಿಕೊಂಡವಳು. ಫೋಟೋ ಬಾಯಿ ಬಿಟ್ಟು ಸತ್ಯ ಹೇಳುವುದಿಲ್ಲ. ಸತ್ತರೆ ಅಕ್ಕ ಗೆದ್ದಳು. ಎಂದೆಂದಿಗೂ ಗೆದ್ದಳು.

ಇಲ್ಲ, ಎಂದುಕೊಂಡಳು ದಾರದಕ್ಕ. ಅಷ್ಟು ಸುಲಭಕ್ಕೆ ಬಿಡೋದಿಲ್ಲ. ನೀನು ಬದುಕಬೇಕು.

ಅವಳು ಮೆಟ್ಟಿಲು ಹತ್ತಿದಳು. ಮಗಳು ಔಷಧ ತರಲು ಹೋಗಿದ್ದಳು. ಭಾವ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ದಾರದಕ್ಕ ಮಂಚದ ಸುತ್ತ ಪರದೆ ಎಳೆದಳು.

"ನೀನೇ ಹೇಳು ಅಕ್ಕ. ಡಾಕ್ಟರಮ್ಮನ ಮುಂದೆ, ಪುಟ್ಟಿ ಮುಂದೆ. ಮನೇಲಿ ಟಿಬಿ ಇತ್ತು, ಅದಕ್ಕೇ ಇವಳನ್ನ ಆಚೆ ಹಾಕಿದೆ ಅಂತ."

"ಸಾಯ್ತೀನೇ ಹೊರತು ಹೇಳಲ್ಲ."

"ಹೇಳದಿದ್ರೆ ಸಾಯ್ತೀಯ. ಅದನ್ನೇ ಡಾಕ್ಟರಮ್ಮ ಹೊರಗೆ ಹೇಳ್ತಿದ್ದದ್ದು."

ಓರಗಿತ್ತಿ ತುಟಿಯಂಚಿನಲ್ಲಿ ನಕ್ಕಳು. "ನೀನೇ ಹೇಳಿಕೋ ಹೋಗು. ನಂಗಿತ್ತು ಅಂತ ಹೇಳು. ಆಮೇಲೆ ಪುಟ್ಟಿ ಏನಂತಾಳೆ ಗೊತ್ತಾ? ಅಮ್ಮನಿಗೆ ಅಂಟಿಸಿದ್ದು ನೀವೇನಾ ಅಂತಾಳೆ. ಬಿಟ್ಟು ಹೋದವಳು ಅನ್ನೋದರ ಜೊತೆಗೆ ಅದೊಂದು ಸೇರಿಕೊಳ್ಳುತ್ತೆ. ಬೇಕಾ ನಿಂಗೆ?"

ದಾರದಕ್ಕ ಇದನ್ನು ಯೋಚಿಸಿರಲಿಲ್ಲ. ಪರದೆಯಾಚೆ ಮಗಳ ಚಪ್ಪಲಿಯ ಸದ್ದು, ಹಿಂದೆಯೇ ಡಾಕ್ಟರಮ್ಮನ ದನಿ. ಓರಗಿತ್ತಿ ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದಳು. ಅವಳಿಗೆ ಗೊತ್ತಿತ್ತು, ಇವಳು ಹೇಳಲಾರಳು ಎಂದು. ಆ ನಂಬಿಕೆಯನ್ನು ಕಂಡೇ ದಾರದಕ್ಕನ ಕೈ ಪರದೆಯನ್ನು ಸರ್ರನೆ ಸರಿಸಿತು.

"ಡಾಕ್ಟ್ರೇ, ನಂಗೆ ಟಿಬಿ ಇತ್ತು. ನಾನು ಈ ಮನೆ ಸೊಸೆ. ಇದೇ ಅಕ್ಕನ ಜೊತೆ ಒಂದೇ ಅಡುಗೆಮನೇಲಿ ಉಂಡು, ಒಂದೇ ಸೂರಿನಡಿ ಮಲಗಿದವಳು. ಕಫದಲ್ಲಿ ರಕ್ತ ಬರ್ತಿತ್ತು. ಮಾತ್ರೆ ತಗೊಂಡು ಗುಣವಾದೆ. ಈ ಮೂರು ಜನ ಇಲ್ಲ ಅಂದದ್ದು ಸುಳ್ಳು. ಇಬ್ಬರು ಗೊತ್ತಿದ್ದು ಹೇಳಿದ್ರು, ಒಬ್ಬಳು ಗೊತ್ತಿಲ್ಲದೆ."

ಮಗಳ ಕೈಯಲ್ಲಿದ್ದ ಔಷಧದ ಚೀಟಿ ಮುದುಡಿತು. ಓರಗಿತ್ತಿ ಹೇಳಿದಂತೆಯೇ ಆಯಿತು.

"ಹಾಗಾದ್ರೆ ಅಮ್ಮನಿಗೆ ಇದು ನಿಮ್ಮಿಂದ ಬಂತು."

"ಬಂದಿರಬಹುದು," ಎಂದಳು ದಾರದಕ್ಕ. ಮಂಚದ ಕಂಬಿ ಹಿಡಿದಳು. "ಅಂಟಿಸಿರಬಹುದು. ಬಿಟ್ಟು ಮಾತ್ರ ಹೋಗಲಿಲ್ಲ, ಪುಟ್ಟಿ. ಗುಣವಾಗಿ ಬಂದಾಗ ಬಾಗಿಲು ತೆಗೀಲಿಲ್ಲ."

"ನೋಡಿದ್ಯಾ ಪುಟ್ಟಿ, ಇವಳ ಬಾಯಲ್ಲೇ ಬಂತು," ಎಂದಳು ಓರಗಿತ್ತಿ.

"ಅವಳಿಂದಲ್ಲ," ಎಂದಿತು ಇನ್ನೊಂದು ದನಿ.

ಎಲ್ಲರೂ ತಿರುಗಿ ನೋಡಿದರು. ಭಾವ ಸ್ಟೂಲಿನ ಮೇಲೆಯೇ ಕೂತಿದ್ದ, ಕಣ್ಣು ಕಿರಿದು ಮಾಡಿಕೊಂಡು, ಬಿಚ್ಚಿದ ಗಡಿಯಾರವನ್ನು ನೋಡುವವನಂತೆ. "ನಮ್ಮಪ್ಪನಿಗಿತ್ತು. ತಮ್ಮನ ಮದುವೆಗೂ ಮುಂಚಿನಿಂದ. ಬೀಡಿ ಕೆಮ್ಮು ಅಂತಿದ್ವಿ. ಮಾತ್ರೆ ಅರ್ಧಕ್ಕೇ ಬಿಟ್ಟ. ಕೊನೇವರೆಗೂ ಆರೈಕೆ ಮಾಡಿದ್ದು ನನ್ನ ಹೆಂಡತಿ." ದಾರದಕ್ಕನ ಕಡೆ ಕೈ ತೋರಿಸಿದ. "ಇವಳಿಗೂ ನಮ್ಮನೇಲೇ ಅಂಟಿದ್ದು. ಗಟ್ಟಿಮುಟ್ಟಾಗಿ ಬಂದ ಹುಡುಗಿ."

"ರೀ," ಎಂದಳು ಓರಗಿತ್ತಿ. ಅಷ್ಟೇ ಎಂದಳು.

"ಸಾಕು ಕಣೇ. ನೀನು ಸತ್ರೆ ನನಗೆ ಅನ್ನ ಹಾಕೋರು ಯಾರು?" ಎಂದ ಭಾವ. ಅವನ ಮಟ್ಟಿಗೆ ಅದು ಪ್ರೀತಿಯ ಮಾತೇ ಇದ್ದೀತು.

ಡಾಕ್ಟರಮ್ಮ ನಡುವೆ ಬಂದರು. "ಯಾರಿಂದ ಯಾರಿಗೆ ಅನ್ನೋದನ್ನ ಈಗ ಯಾವ ಮಷೀನೂ ಹೇಳೋದಿಲ್ಲ. ಇದು ವರ್ಷಗಟ್ಟಲೆ ಮೈಯೊಳಗೆ ಮಲಗಿದ್ದು ಏಳುತ್ತೆ. ನನಗೆ ಬೇಕಾಗಿದ್ದು ಸಿಕ್ತು. ದೊಡ್ಡ ಡಾಕ್ಟರ ಹತ್ತಿರ ಮಾತಾಡ್ತೀನಿ, ಇವತ್ತೇ ಮಾತ್ರೆ ಶುರು ಮಾಡೋಣ."

ಮಾತ್ರೆ ಶುರುವಾಯಿತು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಇನ್ನೊಂದು ಮಾತು ಕೇಳಿದರು. "ಆರು ತಿಂಗಳು ಒಂದು ದಿನವೂ ತಪ್ಪಬಾರದು. ಕಣ್ಣೆದುರಿಗೇ ನುಂಗಿಸೋರು ಒಬ್ಬರು ಬೇಕು. ಮನೆಯವರಾದ್ರೆ ಕರುಣೆಗೆ ಬಿಟ್ಟುಬಿಡ್ತಾರೆ. ಹೊರಗಿನವರು ಯಾರಾದ್ರೂ ಇದ್ದಾರಾ?"

"ನಾನಿದ್ದೀನಿ," ಎಂದಳು ದಾರದಕ್ಕ. "ಕರುಣೆ ಏನೂ ಇಲ್ಲ ನನ್ನ ಹತ್ತಿರ."

ಬೇಡ ಎಂದು ಓರಗಿತ್ತಿ ತಲೆ ಅಲ್ಲಾಡಿಸಿದಳು. ಮಗಳು ಅವಳನ್ನೂ ನೋಡಿದಳು, ಇವಳನ್ನೂ ನೋಡಿದಳು. "ಬರಲಿ," ಎಂದಳು.

ಹೀಗೆ ದಾರದಕ್ಕ ಆ ಮನೆಯ ಹೊಸ್ತಿಲು ಮತ್ತೆ ದಾಟಿದಳು. ಪ್ರತಿ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ. ಅಂಗಡಿಯ ಪಕ್ಕದ ಮೆಟ್ಟಿಲು, ಗಡಿಯಾರಗಳ ಟಿಕ್ ಟಿಕ್, ಅಡುಗೆಮನೆಯ ಅದೇ ಮೇಜು. ಮೊದಲ ದಿನವೇ ಕಪಾಟಿನಿಂದ ಎಲ್ಲರೂ ಕುಡಿಯುವ ಲೋಟವೊಂದನ್ನು ತಾನೇ ತೆಗೆದು, ನೀರು ಕುಡಿದು, ತೊಳೆಯದೆ ಮೇಜಿನ ಮೇಲೆ ಇಟ್ಟಳು. ಓರಗಿತ್ತಿ ಅದನ್ನೇ ನೋಡಿದಳು, ಬಾಯಿ ಬಿಡಲಿಲ್ಲ. ಬಾಯಿ ಬಿಡಬೇಕಾದದ್ದು ಮಾತ್ರೆಗೆ.

"ತೆರಿ ಅಕ್ಕ. ನುಂಗು. ನಾಲಿಗೆ ಎತ್ತು. ಈ ಕಡೆ ತೋರಿಸು. ಆ ಕಡೆ."

"ನುಂಗಿದೆ ಕಣೇ."

"ಇಲ್ಲ ಅನ್ನೋದರಲ್ಲಿ ನೀನು ಪಳಗಿದವಳು. ನೋಡದೆ ನಂಬೋದು ಹೇಗೆ?"

ಕ್ರಿಮಿ ಬೆಳೆಸಲು ಇಟ್ಟ ನೀರಿನಿಂದ ಕೊನೆಗೂ ಉತ್ತರ ಬಂತು: ಇದೆ. ದಾರದಕ್ಕ ಆ ಸುದ್ದಿಯನ್ನು ತಾನೇ ತಂದು, ಮಾತ್ರೆಗಿಂತ ಮೊದಲು ಮೇಜಿನ ಮೇಲಿಟ್ಟಳು, ಒಂದೊಂದು ಪದವನ್ನೂ ಬಿಡಿಸಿ. ಓರಗಿತ್ತಿಯ ಮುಖ ಬಿಳಿಚಿತು. ಆ ಬೆಳಿಗ್ಗೆ ದಾರದಕ್ಕ ನಡೆದು ಹೋಗಲಿಲ್ಲ, ತೇಲಿ ಹೋದಳು.

ಅಕ್ಕನ ಕಾಲಿನ ಊತ ಇಳಿಯಿತು. ಕೆನ್ನೆ ತುಂಬಿಕೊಂಡಿತು. ಗುಣವಾಗುತ್ತಿದ್ದಂತೆ ಅವಳಿಗೆ ನಾಚಿಕೆಯೂ ಹೆಚ್ಚುತ್ತಿತ್ತು, ಅಥವಾ ಕೋಪವೋ, ದಾರದಕ್ಕ ವಿಚಾರಿಸಲಿಲ್ಲ. ಮಗಳು ಮೊದಮೊದಲು ಆ ಹೊತ್ತಿಗೆ ಕೋಣೆ ಸೇರಿಬಿಡುತ್ತಿದ್ದಳು. ಆಮೇಲೆ ಬಾಗಿಲ ಬಳಿ ನಿಂತಳು. ಆಮೇಲೆ ನೀರಿನ ಲೋಟ ತಂದಿಡತೊಡಗಿದಳು. ಒಂದು ದಿನ ಎರಡು ಲೋಟ ತಂದಳು.

ಅಂದು ಮಗಳು ಅಲ್ಲೇ ಕುರ್ಚಿ ಎಳೆದು ಕೂತಳು. "ಅಮ್ಮ," ಎಂದಳು ಓರಗಿತ್ತಿಗೆ, "ಚಿಕ್ಕಮ್ಮ ಗುಣವಾಗಿ ಬಂದ ದಿನ ಬಾಗಿಲು ಹಾಕಿದ್ದು ಯಾರು?"

ಓರಗಿತ್ತಿಯ ಅಂಗೈಯಲ್ಲಿ ಕೆಂಪು ಮಾತ್ರೆ ಇತ್ತು. ಅದನ್ನು ಬಾಯಿಗೆ ಹಾಕಿಕೊಂಡಳು, ನೀರು ಕುಡಿದಳು, ನುಂಗಿದಳು. ತಪ್ಪಿಸಿಕೊಳ್ಳಲು ಇನ್ನೇನೂ ಉಳಿಯಲಿಲ್ಲ.

"ನಾನೇ," ಎಂದಳು. "ಕಿಟಕೀಲಿ ನಿಂತು ನೋಡ್ತಾನೂ ಇದ್ದೆ. ನೀನು ನನ್ನ ಹೆಗಲ ಮೇಲಿದ್ದೆ. ಕೊಟ್ಟರೆ ನನಗೆ ಏನೂ ಉಳಿಯಲ್ಲ ಅನ್ನಿಸ್ತು." ಒಂದು ಉಸಿರು ತೆಗೆದುಕೊಂಡಳು. "ಹಾಸಿಗೆ ಸುಟ್ಟದ್ದೂ ನಾನೇ."

ಮಗಳು ಅಳಲಿಲ್ಲ. ಎದ್ದು, ತನ್ನ ಚೀಲ ಹುಡುಕಿ, ಎರಡು ಲೋಟವನ್ನೂ ಸಿಂಕಿಗೆ ಹಾಕಿ, ಯಾರನ್ನೂ ಏನೂ ಎಂದು ಕರೆಯದೆ ಮೆಟ್ಟಿಲಿಳಿದು ಕೆಲಸಕ್ಕೆ ಹೋದಳು.

ದಾರದಕ್ಕ ಇಷ್ಟು ವರ್ಷ ಕಾದದ್ದು ಈ ಮಾತಿಗೇ. ಮಾತು ಬಂದಿತ್ತು, ಮೇಜಿನ ಮೇಲೆ ಬಿದ್ದಿತ್ತು. ಎದುರಿಗೆ ಓರಗಿತ್ತಿ ತಲೆ ತಗ್ಗಿಸಿ ಕೂತಿದ್ದಳು, ಬಡವಾದ ಕೊರಳು, ಬೆಳ್ಳಗಾದ ಬೈತಲೆ. ಈಗ ಎದ್ದು ಹೋಗಬಹುದಿತ್ತು. ಕೈಮೇಲೆ ಕೈಯಿಡಬಹುದಿತ್ತು. ಕ್ಷಮಿಸುವ ಮಾತು ಬಾಯಿಯವರೆಗೂ ಬಂತೋ ಏನೋ, ಅವಳಿಗೇ ಸರಿಯಾಗಿ ತಿಳಿಯಲಿಲ್ಲ. ಶಾಲೆಯ ಗೇಟಿನಿಂದ ಚೀಲ ಎದೆಗವಚಿಕೊಂಡು ಓಡಿದ ಹುಡುಗಿಯ ಬೆನ್ನು ನೆನಪಾಯಿತು.

ಮಾತ್ರೆ ಹೊಟ್ಟೆ ಸೇರಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೂ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ನಾಲಿಗೆ ಎತ್ತು, ಅಕ್ಕ."